ಪ್ರಾಸ್ಪೆರ್ ಮೆನಿಯೇರ್

ಪ್ರಾಸ್ಪೆರ್ ಮೆನಿಯೇರ್ (ಜೂನ್ 18, 1799 – ಫೆಬ್ರವರಿ 7, 1862) ಫ್ರಾನ್ಸ್ ದೇಶದ ವೈದ್ಯರು ಹಾಗೂ ಕಿವಿರೋಗ ತಜ್ಞರು. ತಲೆಸುತ್ತು, ವಾಂತಿ, ಕಿವಿಮೊರೆತ ಮತ್ತು ಕಿವುಡು ಒಟ್ಟಾಗಿ ಮರಳಿ ಮರಳಿ ಕಾಣಿಸಿಕೊಳ್ಳುವ ಕಾಯಿಲೆಯ ಮೂಲ ಮಿದುಳಿನಲ್ಲಿಲ್ಲ, ಒಳಕಿವಿಯಲ್ಲಿದೆ ಎಂಬುದನ್ನು ಇವರು 1861ರಲ್ಲಿ ಪ್ರತಿಪಾದಿಸಿದರು. ಅದುವರೆಗೆ ಇಂತಹ ರೋಗಿಗಳನ್ನು ಮಿದುಳಿನ ಆಘಾತಕ್ಕೆ ಒಳಗಾದವರೆಂದು ಭಾವಿಸಿ ರಕ್ತ ತೆಗೆಯುವುದು, ಜಿಗಣೆ ಕಚ್ಚಿಸುವುದು ಮುಂತಾದ ಚಿಕಿತ್ಸೆಗಳಿಗೆ ಗುರಿಪಡಿಸಲಾಗುತ್ತಿತ್ತು. ಮೆನಿಯೇರ್ ಅವರ ಹೆಸರಿನಿಂದಲೇ ಈ ಕಾಯಿಲೆಯನ್ನು ಇಂದು ಮೆನಿಯೇರ್ ಕಾಯಿಲೆ ಎಂದು ಕರೆಯಲಾಗುತ್ತದೆ.

ಸುಮಾರು 24 ವರ್ಷಗಳ ಕಾಲ ಇವರು ಪ್ಯಾರಿಸ್ ನಗರದ ಕಿವುಡರ ಸಂಸ್ಥೆಯಲ್ಲಿ ವೈದ್ಯರಾಗಿದ್ದರು. ಕಿವಿಯ ರೋಗಗಳಲ್ಲದೆ ಸಸ್ಯಶಾಸ್ತ್ರ ಮತ್ತು ಲ್ಯಾಟಿನ್ ಸಾಹಿತ್ಯದಲ್ಲಿಯೂ ಇವರಿಗೆ ಆಳವಾದ ಆಸಕ್ತಿ ಇತ್ತು. ಇವರು ವಿವರಿಸಿದ ರೋಗಲಕ್ಷಣಗಳ ಸಮೂಹವೇ ಇಂದಿಗೂ ಈ ಕಾಯಿಲೆಯ ನಿರ್ಣಯಕ್ಕೆ ಆಧಾರವಾಗಿದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಸೇರಿದಂತೆ ಜಗತ್ತಿನ ಶ್ರವಣ ವಿಜ್ಞಾನ ಸಂಸ್ಥೆಗಳಲ್ಲಿ ವಿದ್ಯಾರ್ಥಿಗಳು ಇವರ ಹೆಸರಿನ ಕಾಯಿಲೆಯನ್ನು ಅಧ್ಯಯನ ಮಾಡುತ್ತಾರೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಮೆನಿಯೇರ್ ಪಶ್ಚಿಮ ಫ್ರಾನ್ಸಿನ ಆಂಜೇ ಪಟ್ಟಣದಲ್ಲಿ ಜನಿಸಿದರು. ತಂದೆ ವರ್ತಕರಾಗಿದ್ದರು. ನಾಲ್ವರು ಮಕ್ಕಳಲ್ಲಿ ಇವರು ಮೂರನೆಯವರು. ಫ್ರಾನ್ಸಿನ ಮಹಾಕ್ರಾಂತಿ ಮುಗಿದು ನೆಪೋಲಿಯನ್ ಅಧಿಕಾರಕ್ಕೆ ಬಂದ ವರ್ಷವೇ ಇವರ ಜನನವರ್ಷ. ಊರಿನ ಶಾಲೆಯಲ್ಲಿ ಪ್ರಾಚೀನ ಭಾಷೆಗಳನ್ನು ಚೆನ್ನಾಗಿ ಕಲಿತರು. ಅಲ್ಲಿ ಲ್ಯಾಟಿನ್ ಕಾವ್ಯದ ಮೇಲೆ ಹುಟ್ಟಿದ ಒಲವು ಜೀವನದುದ್ದಕ್ಕೂ ಉಳಿಯಿತು.

ಆಂಜೇಯಲ್ಲಿಯೇ ವೈದ್ಯಕೀಯದ ಆರಂಭಿಕ ಪಾಠಗಳನ್ನು ಮುಗಿಸಿದ ಮೆನಿಯೇರ್ 1819ರಲ್ಲಿ ಹೆಚ್ಚಿನ ವ್ಯಾಸಂಗಕ್ಕಾಗಿ ಪ್ಯಾರಿಸ್‌ಗೆ ತೆರಳಿದರು. ಅಂದಿನ ಪ್ಯಾರಿಸ್ ಯೂರೋಪಿನ ವೈದ್ಯ ವಿದ್ಯೆಯ ಕೇಂದ್ರವಾಗಿತ್ತು. ರೋಗಿ ಬದುಕಿದ್ದಾಗ ಕಂಡ ಲಕ್ಷಣಗಳನ್ನು ಕ್ರಮವಾಗಿ ಬರೆದಿಟ್ಟು, ಮರಣಾನಂತರ ಶವಪರೀಕ್ಷೆಯಲ್ಲಿ ಕಂಡುಬಂದ ಅಂಗವಿಕಾರಗಳೊಂದಿಗೆ ಅವನ್ನು ಹೋಲಿಸುವ ಪದ್ಧತಿ ಅಲ್ಲಿ ಬಲವಾಗಿ ಬೇರೂರಿತ್ತು. ಲಕ್ಷಣದಿಂದ ಅಂಗಕ್ಕೆ ತಲುಪುವ ಈ ಶಿಸ್ತು ಮೆನಿಯೇರ್ ಅವರ ಮುಂದಿನ ಕೆಲಸಕ್ಕೆ ಅಡಿಪಾಯವಾಯಿತು. 1826ರಲ್ಲಿ ಇವರಿಗೆ ಚಿನ್ನದ ಪದಕ ದೊರೆಯಿತು. 1828ರಲ್ಲಿ ವೈದ್ಯ ಪದವಿ ಪಡೆದರು.

ಆರಂಭಿಕ ವೃತ್ತಿಜೀವನ

ಪದವಿಯ ನಂತರ ಮೆನಿಯೇರ್ ಪ್ಯಾರಿಸ್‌ನ ಪುರಾತನ ಆಸ್ಪತ್ರೆಯಾದ ಓತೆಲ್ ದಿಯೂದಲ್ಲಿ ಪ್ರಸಿದ್ಧ ಶಸ್ತ್ರವೈದ್ಯ ಗಿಯೋಂ ಡ್ಯುಪಿಟ್ರೆನ್ ಅವರ ಸಹಾಯಕರಾಗಿ ಕೆಲಸ ಮಾಡಿದರು. 1830ರ ಜುಲೈ ತಿಂಗಳಲ್ಲಿ ದೊರೆ ಹತ್ತನೆಯ ಚಾರ್ಲ್ಸ್ ವಿರುದ್ಧ ಪ್ಯಾರಿಸ್ ನಾಗರಿಕರು ದಂಗೆಯೆದ್ದಾಗ ಬೀದಿ ಕಾಳಗದಲ್ಲಿ ಗಾಯಗೊಂಡ ನೂರಾರು ಮಂದಿಯನ್ನು ಈ ಆಸ್ಪತ್ರೆಗೆ ಹೊತ್ತು ತರಲಾಯಿತು. ಅವರ ಶುಶ್ರೂಷೆಯಲ್ಲಿ ಭಾಗಿಯಾದ ಮೆನಿಯೇರ್, ಆ ಎರಡು ತಿಂಗಳುಗಳಲ್ಲಿ ಆಸ್ಪತ್ರೆಯಲ್ಲಿ ನಡೆದುದನ್ನು ಕುರಿತು ಪುಸ್ತಕವೊಂದನ್ನು ಪ್ರಕಟಿಸಿದರು.

ಹೊಸ ಸರ್ಕಾರವು ಇವರಿಗೆ ವಿಚಿತ್ರವಾದ ಹೊಣೆಯೊಂದನ್ನು ವಹಿಸಿತು. ಪದಚ್ಯುತ ರಾಜಮನೆತನದ ಸೊಸೆಯಾದ ಬೆರಿಯ ಡಚೆಸ್ ಮಾರಿ ಕ್ಯಾರೊಲಿನ್ ತನ್ನ ಮಗನನ್ನು ಸಿಂಹಾಸನಕ್ಕೆ ತರುವ ಉದ್ದೇಶದಿಂದ 1832ರಲ್ಲಿ ದಂಗೆಯೊಂದನ್ನು ಪ್ರಚೋದಿಸಿ ವಿಫಲಳಾದಳು. ನಾಂತ್ ನಗರದಲ್ಲಿ ಸೆರೆಸಿಕ್ಕ ಆಕೆಯನ್ನು ಬ್ಲಾಯ್ ಕೋಟೆಯಲ್ಲಿ ಬಂಧಿಸಲಾಯಿತು. ವಿಧವೆಯಾಗಿದ್ದ ಡಚೆಸ್ ಗರ್ಭಿಣಿಯೆಂಬ ಸಂಗತಿ ರಾಜಕೀಯ ಮಹತ್ವ ಪಡೆಯಿತು. ಆಕೆಯ ಆರೋಗ್ಯವನ್ನು ನೋಡಿಕೊಳ್ಳಲು ಸರ್ಕಾರ ಮೆನಿಯೇರ್ ಅವರನ್ನು ಕಳುಹಿಸಿತು. 1833ರ ಮೇ ತಿಂಗಳಲ್ಲಿ ಡಚೆಸ್ ಹೆಣ್ಣುಮಗುವಿಗೆ ಜನ್ಮ ನೀಡಿದಳು. ಬಿಡುಗಡೆಯ ನಂತರ ಆಕೆ ಇಟಲಿಯ ಪಲೆರ್ಮೊಗೆ ಹೊರಟಾಗಲೂ ಮೆನಿಯೇರ್ ಜೊತೆಗಿದ್ದರು. ಒಂದೆಡೆ ಸರ್ಕಾರದ ನೌಕರಿ, ಇನ್ನೊಂದೆಡೆ ರೋಗಿಯ ಮೇಲಿನ ಹೊಣೆ, ಇವೆರಡರ ನಡುವೆ ಕಳೆದ ಆ ದಿನಗಳನ್ನು ಅವರು ದಿನಚರಿಯಲ್ಲಿ ದಾಖಲಿಸಿದರು. ಅವರ ಮರಣದ ಎರಡು ದಶಕಗಳ ನಂತರ, 1882ರಲ್ಲಿ, ಅವರ ಮಗ ಅದನ್ನು ಪ್ರಕಟಿಸಿದರು.

1835ರಲ್ಲಿ ದಕ್ಷಿಣ ಫ್ರಾನ್ಸಿನಲ್ಲಿ ಕಾಲರಾ ಹರಡಿದಾಗ ಮೆನಿಯೇರ್ ಅಲ್ಲಿಗೆ ಹೋಗಿ ಸೇವೆ ಸಲ್ಲಿಸಿದರು. ಅದಕ್ಕಾಗಿ ಅವರಿಗೆ ಫ್ರಾನ್ಸ್ ಸರ್ಕಾರದ ಲೀಜನ್ ಆಫ್ ಆನರ್ ಗೌರವ ಲಭಿಸಿತು. ಆದರೆ ಅವರು ಬಯಸಿದ್ದ ಪ್ಯಾರಿಸ್‌ನ ಪ್ರಾಧ್ಯಾಪಕ ಪೀಠ ಅವರಿಗೆ ದೊರೆಯಲಿಲ್ಲ.

ಕಿವುಡರ ಸಂಸ್ಥೆಯಲ್ಲಿ

1838ರಲ್ಲಿ ಪ್ಯಾರಿಸ್‌ನ ಕಿವುಡ-ಮೂಗರ ಸಂಸ್ಥೆಯ ಮುಖ್ಯವೈದ್ಯ ಜಾಂ ಮಾರ್ಕ್ ಗಾಸ್ಪಾರ್ ಇತಾರ್ ನಿಧನರಾದರು. 18ನೆಯ ಶತಮಾನದಲ್ಲಿ ಆಬೆ ದ ಲೆಪೆ ಎಂಬ ಪಾದ್ರಿ ಸಂಜ್ಞಾಭಾಷೆಯ ಮೂಲಕ ಕಿವುಡ ಮಕ್ಕಳಿಗೆ ಪಾಠ ಹೇಳಲು ಆರಂಭಿಸಿದ ಶಾಲೆಯೇ ಬೆಳೆದು ಈ ಸಂಸ್ಥೆಯಾಗಿತ್ತು. ಕಾಡಿನಲ್ಲಿ ಸಿಕ್ಕ ಅವೆರಾನ್‌ನ ಬಾಲಕನಿಗೆ ಶಿಕ್ಷಣ ನೀಡಲು ಯತ್ನಿಸಿ ಹೆಸರಾಗಿದ್ದ ಇತಾರ್, 1821ರಲ್ಲಿ ಕಿವಿಯ ರೋಗಗಳನ್ನು ಕುರಿತು ದೊಡ್ಡ ಗ್ರಂಥವನ್ನೂ ರಚಿಸಿದ್ದರು. ಅವರ ಸ್ಥಾನಕ್ಕೆ ಮೆನಿಯೇರ್ ನೇಮಕಗೊಂಡರು. ಅದುವರೆಗೆ ಕಿವಿಯ ರೋಗಗಳಲ್ಲಿ ಅವರಿಗೆ ವಿಶೇಷ ಪರಿಣತಿ ಇರಲಿಲ್ಲ. ಹುದ್ದೆಯೇ ಅವರನ್ನು ಆ ಕ್ಷೇತ್ರಕ್ಕೆ ಕರೆತಂದಿತು. ಅದೇ ವರ್ಷ ಅವರ ವಿವಾಹವೂ ನಡೆಯಿತು. ಪತ್ನಿ, ವಿಜ್ಞಾನಿಗಳ ಮನೆತನವಾಗಿ ಖ್ಯಾತವಾದ ಬೆಕೆರೆಲ್ ಕುಟುಂಬದವರು. ಮಗ ಎಮಿಲ್ ಮೆನಿಯೇರ್ ಮುಂದೆ ತಂದೆಯಂತೆಯೇ ಕಿವಿರೋಗ ತಜ್ಞರಾದರು.

ಆ ಕಾಲದಲ್ಲಿ ಕಿವಿಯ ಚಿಕಿತ್ಸೆ ವೈದ್ಯರ ನಡುವೆ ಗೌರವದ ವಿಷಯವಾಗಿರಲಿಲ್ಲ. ಒಳಕಿವಿ ತಲೆಬುರುಡೆಯ ಅತ್ಯಂತ ಗಟ್ಟಿಯಾದ ಮೂಳೆಯೊಳಗೆ ಹುದುಗಿರುವುದರಿಂದ ಬದುಕಿರುವ ರೋಗಿಯಲ್ಲಿ ಅದನ್ನು ನೋಡುವ ಮಾರ್ಗವೇ ಇರಲಿಲ್ಲ. ಕಿವುಡನ್ನು ಗುಣಪಡಿಸುವೆನೆಂದು ಹೇಳಿಕೊಳ್ಳುವವರಿಗೆ ಕೊರತೆ ಇರಲಿಲ್ಲ. ಮೆನಿಯೇರ್ ಅಂತಹ ಭರವಸೆಗಳನ್ನು ಸಂಶಯದಿಂದ ಕಂಡರು. ಹುಟ್ಟುಕಿವುಡನ್ನು ಔಷಧಿಯಿಂದಾಗಲೀ ಶಸ್ತ್ರಕ್ರಿಯೆಯಿಂದಾಗಲೀ ವಾಸಿ ಮಾಡಲಾಗದು ಎಂಬುದು ಅವರ ನಿಲುವಾಗಿತ್ತು. ಈ ವಿಷಯದಲ್ಲಿ ಅದೇ ಸಂಸ್ಥೆಯ ಶಸ್ತ್ರವೈದ್ಯ ಅಲೆಕ್ಸಾಂದ್ರ್ ಬ್ಲಾಂಶೆ ಅವರೊಂದಿಗೆ ಭಿನ್ನಾಭಿಪ್ರಾಯ ಉಂಟಾಗಿ, 1853ರಲ್ಲಿ ವೈದ್ಯಕೀಯ ಅಕಾಡೆಮಿಯಲ್ಲಿ ಚರ್ಚೆಯೂ ನಡೆಯಿತು.

ಬರ್ಲಿನ್ನಿನ ವಿಲ್ಹೆಲ್ಮ್ ಕ್ರಾಮರ್ ಅವರ ಕಿವಿರೋಗ ಗ್ರಂಥವನ್ನು ಮೆನಿಯೇರ್ 1848ರಲ್ಲಿ ತಮ್ಮ ವಿಸ್ತಾರವಾದ ಟಿಪ್ಪಣಿಗಳೊಂದಿಗೆ ಫ್ರೆಂಚ್ ಭಾಷೆಗೆ ಅನುವಾದಿಸಿದರು. ರಕ್ತಸಂಬಂಧಿಗಳ ನಡುವಿನ ವಿವಾಹಕ್ಕೂ ಮಕ್ಕಳ ಹುಟ್ಟುಕಿವುಡಿಗೂ ನಂಟಿದೆ ಎಂದು 1850ರ ದಶಕದಲ್ಲಿಯೇ ಬರೆದವರಲ್ಲಿ ಇವರೂ ಒಬ್ಬರು. ಸೋದರಮಾವ, ಅತ್ತೆಯ ಮಗ ಮುಂತಾದ ಒಳಸಂಬಂಧಗಳಲ್ಲಿ ಮದುವೆ ಮಾಡುವ ರೂಢಿ ಇರುವ ಕರ್ನಾಟಕದಲ್ಲಿ ಈ ಪ್ರಶ್ನೆ ಇಂದಿಗೂ ಪ್ರಸ್ತುತವಾಗಿದೆ. ಕಿವುಡು ಮಕ್ಕಳ ಪೋಷಕರನ್ನು ಶ್ರವಣತಜ್ಞರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಇದೂ ಸೇರಿದೆ.

ಅಂದಿನ ವೈದ್ಯಕೀಯ ನಂಬಿಕೆ

19ನೆಯ ಶತಮಾನದ ಮಧ್ಯಭಾಗದಲ್ಲಿ, ಆರೋಗ್ಯವಾಗಿದ್ದ ವ್ಯಕ್ತಿಯೊಬ್ಬ ಇದ್ದಕ್ಕಿದ್ದಂತೆ ತಲೆ ತಿರುಗಿ ನೆಲಕ್ಕೆ ಬಿದ್ದು, ವಾಂತಿ ಮಾಡಿಕೊಂಡು, ಮುಖ ಬಿಳಿಚಿಕೊಂಡು, ತಣ್ಣನೆಯ ಬೆವರಿನಲ್ಲಿ ತೊಯ್ದರೆ ವೈದ್ಯರು ಅದನ್ನು ಮಿದುಳಿನಲ್ಲಿ ರಕ್ತ ತುಂಬಿಕೊಂಡಿರುವುದರ ಫಲವೆಂದು ಭಾವಿಸುತ್ತಿದ್ದರು. ಲಕ್ವದ ಮುನ್ಸೂಚನೆ ಎಂದೋ ಮೂರ್ಛೆರೋಗದ ಒಂದು ರೂಪ ಎಂದೋ ಹೆಸರಿಸುತ್ತಿದ್ದರು. ರಕ್ತದ ಒತ್ತಡವನ್ನು ಇಳಿಸಬೇಕೆಂಬ ತರ್ಕದಿಂದ ನರ ಕುಯ್ದು ರಕ್ತ ಹರಿಸುವುದು, ಜಿಗಣೆ ಹಚ್ಚುವುದು, ಬಲವಾದ ಭೇದಿ ಔಷಧಿ ನೀಡುವುದು ನಡೆಯುತ್ತಿತ್ತು. ವಾಂತಿಯಿಂದ ಈಗಾಗಲೇ ಬಳಲಿದ್ದ ರೋಗಿ ಇದರಿಂದ ಇನ್ನಷ್ಟು ನಿತ್ರಾಣನಾಗುತ್ತಿದ್ದ. ಮುಂದಿನ ಆಘಾತದಲ್ಲಿ ಸಾವು ಖಚಿತ ಎಂಬ ಭಯ ರೋಗಿಯನ್ನೂ ಅವನ ಮನೆಯವರನ್ನೂ ವರ್ಷಗಟ್ಟಲೆ ಕಾಡುತ್ತಿತ್ತು.

ಇಂತಹ ಅನೇಕ ರೋಗಿಗಳನ್ನು ಮೆನಿಯೇರ್ ದೀರ್ಘಕಾಲ ಗಮನಿಸಿದರು. ಅವರಲ್ಲಿ ಮೂರು ಸಂಗತಿಗಳು ಎದ್ದು ಕಂಡವು. ಮೊದಲನೆಯದು, ಈ ರೋಗಿಗಳು ತಲೆಸುತ್ತಿನ ಜೊತೆಗೆ ಕಿವಿಯಲ್ಲಿ ಶಬ್ದ ಕೇಳಿಸುವುದನ್ನೂ ಕಿವಿ ಮಂದವಾಗುವುದನ್ನೂ ಹೇಳುತ್ತಿದ್ದರು. ಎರಡನೆಯದು, ಆಘಾತ ಎಷ್ಟೇ ತೀವ್ರವಾಗಿದ್ದರೂ ಕೈಕಾಲು ಬೀಳುತ್ತಿರಲಿಲ್ಲ, ಮಾತು ತೊದಲುತ್ತಿರಲಿಲ್ಲ. ಕೆಲ ಗಂಟೆಗಳ ನಂತರ ರೋಗಿ ಎದ್ದು ನಡೆದಾಡುತ್ತಿದ್ದ. ಮೂರನೆಯದು, ಅನೇಕ ಆಘಾತಗಳ ಬಳಿಕವೂ ಅವರು ಸಾಯುತ್ತಿರಲಿಲ್ಲ. ಅವರಲ್ಲಿ ದಿನೇ ದಿನೇ ಕ್ಷೀಣಿಸುತ್ತಿದ್ದುದು ಶ್ರವಣಶಕ್ತಿ ಮಾತ್ರ. ತಲೆಸುತ್ತಿಗಾಗಿ ಬಂದ ರೋಗಿಯನ್ನು ನೋಡುವ ಸಾಮಾನ್ಯ ವೈದ್ಯನಿಗೆ ಕಿವಿಯ ದೂರು ಅಮುಖ್ಯವಾಗಿ ಕಾಣುತ್ತಿತ್ತು. ಕಿವುಡಿನ ಕಾರಣಕ್ಕಾಗಿಯೇ ತಮ್ಮ ಬಳಿಗೆ ಬರುತ್ತಿದ್ದವರನ್ನು ನೋಡುತ್ತಿದ್ದ ಮೆನಿಯೇರ್‌ಗೆ ಇಡೀ ಚಿತ್ರ ಕಾಣುವ ಅವಕಾಶ ದೊರೆತಿತ್ತು.

ಇನ್ನೊಂದು ಸುಳಿವು ಪ್ರಯೋಗಾಲಯದಿಂದ ಬಂದಿತು. 1820ರ ದಶಕದಲ್ಲಿ ಶರೀರಶಾಸ್ತ್ರಜ್ಞ ಪಿಯೇರ್ ಫ್ಲೂರಾನ್ಸ್ ಪಾರಿವಾಳಗಳ ಒಳಕಿವಿಯಲ್ಲಿರುವ ಅರ್ಧವೃತ್ತಾಕಾರದ ನಾಳಗಳನ್ನು ಕತ್ತರಿಸಿ ನೋಡಿದ್ದರು. ಯಾವ ನಾಳಕ್ಕೆ ಗಾಯವಾಯಿತೋ ಅದೇ ಸಮತಲದಲ್ಲಿ ಹಕ್ಕಿಯ ತಲೆ ಅಲುಗಾಡುತ್ತಿತ್ತು. ಹಕ್ಕಿ ಗಿರಗಿರನೆ ತಿರುಗಿ ಸಮತೋಲ ತಪ್ಪುತ್ತಿತ್ತು. ಕಿವಿ ಕೇಳುವುದಕ್ಕಷ್ಟೇ ಇರುವ ಅಂಗವೆಂಬ ಅಂದಿನ ತಿಳಿವಳಿಕೆಯಲ್ಲಿ ಈ ಪ್ರಯೋಗದ ಅರ್ಥ ಸ್ಪಷ್ಟವಾಗಿರಲಿಲ್ಲ. ಪಾರಿವಾಳಗಳಲ್ಲಿ ಕಂಡುದಕ್ಕೂ ತಮ್ಮ ರೋಗಿಗಳಲ್ಲಿ ಕಂಡುದಕ್ಕೂ ಇರುವ ಸಾಮ್ಯವನ್ನು ಮೆನಿಯೇರ್ ಗುರುತಿಸಿದರು.

1861ರ ಪ್ರಬಂಧ

1861ರ ಜನವರಿ 8ರಂದು ಮೆನಿಯೇರ್ ಪ್ಯಾರಿಸ್‌ನ ವೈದ್ಯಕೀಯ ಅಕಾಡೆಮಿಯ ಮುಂದೆ, ಒಳಕಿವಿಯ ಹಾನಿಯಿಂದ ಉಂಟಾಗುವ ತೀವ್ರ ಕಿವುಡಿನ ಒಂದು ರೂಪವನ್ನು ಕುರಿತ ಪ್ರಬಂಧವನ್ನು ಮಂಡಿಸಿದರು. ಆಗ ಅವರಿಗೆ 61 ವರ್ಷ. ಅದೇ ವರ್ಷ ಪ್ಯಾರಿಸ್‌ನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಈ ವಿಷಯದ ಮೇಲೆ ಅವರ ಲೇಖನಗಳು ಪ್ರಕಟವಾದವು. ಅವುಗಳ ಸಾರಾಂಶ ಹೀಗಿದೆ:

• ಅದುವರೆಗೆ ಸಂಪೂರ್ಣ ಆರೋಗ್ಯವಾಗಿದ್ದ ಕಿವಿಯಲ್ಲಿ ಇದ್ದಕ್ಕಿದ್ದಂತೆ ಬಗೆಬಗೆಯ ಶಬ್ದಗಳು ಕೇಳತೊಡಗಿ, ಬೇಗನೆ ಶ್ರವಣಶಕ್ತಿ ಕುಗ್ಗಬಹುದು.
• ಒಳಕಿವಿಯ ಈ ವಿಕಾರದಿಂದಲೇ ತಲೆಸುತ್ತು, ತಡವರಿಸುವ ನಡಿಗೆ, ಬೀಳುವಿಕೆ, ವಾಕರಿಕೆ, ವಾಂತಿ ಮುಂತಾಗಿ ಮಿದುಳಿನ ರೋಗವೆಂದು ತೋರುವ ಲಕ್ಷಣಗಳು ಉಂಟಾಗಬಲ್ಲವು.
• ಈ ಆಘಾತಗಳು ಬಿಟ್ಟು ಬಿಟ್ಟು ಬರುತ್ತವೆ. ಪ್ರತಿ ಬಾರಿಯೂ ಕಿವುಡು ಹೆಚ್ಚುತ್ತಾ ಹೋಗಿ, ಕೊನೆಗೆ ಶ್ರವಣ ಪೂರ್ತಿಯಾಗಿ ನಶಿಸಬಹುದು.
• ಹಾನಿಯ ಸ್ಥಾನವು ಅರ್ಧವೃತ್ತಾಕಾರದ ನಾಳಗಳಲ್ಲಿ ಇರುವಂತೆ ತೋರುತ್ತದೆ.

ಈ ಪ್ರಬಂಧಕ್ಕೆ ತಕ್ಷಣ ದೊಡ್ಡ ಸ್ವಾಗತ ದೊರೆಯಲಿಲ್ಲ. ಒಂದು ವಾರದ ನಂತರ ಅದೇ ಅಕಾಡೆಮಿಯಲ್ಲಿ ಅರ್ಮಾಂ ಟ್ರೂಸೋ ಎಂಬ ಪ್ರಭಾವಿ ವೈದ್ಯರು, ಮಿದುಳಿನ ರಕ್ತಸಂಚಯ ಎಂದು ಕರೆಯಲಾಗುತ್ತಿದ್ದ ಅನೇಕ ಪ್ರಕರಣಗಳು ನಿಜವಾಗಿ ಮೂರ್ಛೆರೋಗವೆಂದು ವಾದಿಸಿದರು. ಹಳೆಯ ರೋಗನಾಮದ ಮೇಲಿನ ನಂಬಿಕೆ ಎರಡೂ ಕಡೆಯಿಂದ ಸಡಿಲವಾಗುತ್ತಿತ್ತು. ಆದರೂ ಕಿವಿಯಂತಹ ಸಣ್ಣ ಅಂಗ ಇಡೀ ದೇಹವನ್ನು ಕೆಡವಬಲ್ಲದು ಎಂಬುದನ್ನು ಒಪ್ಪಲು ಹಲವರು ಹಿಂಜರಿದರು.

ಶವಪರೀಕ್ಷೆಯ ಪ್ರಕರಣ ಮತ್ತು ವಿವಾದ

ಮೆನಿಯೇರ್ ತಮ್ಮ ವಾದದ ಸಮರ್ಥನೆಗಾಗಿ ಯುವತಿಯೊಬ್ಬಳ ಪ್ರಕರಣವನ್ನು ಉದಾಹರಿಸಿದರು. ಚಳಿಗಾಲದ ರಾತ್ರಿ, ಮುಟ್ಟಿನ ದಿನಗಳಲ್ಲಿ, ಗಾಡಿಯ ಮೇಲ್ಭಾಗದ ತೆರೆದ ಆಸನದಲ್ಲಿ ಪ್ರಯಾಣಿಸಿದ ಆಕೆ ಇದ್ದಕ್ಕಿದ್ದಂತೆ ಪೂರ್ಣ ಕಿವುಡಾದಳು. ಸತತ ತಲೆಸುತ್ತು ಮತ್ತು ವಾಂತಿಯಿಂದ ನರಳಿ ಐದನೆಯ ದಿನ ಮೃತಳಾದಳು. ಶವಪರೀಕ್ಷೆಯಲ್ಲಿ ಮಿದುಳು ಮತ್ತು ಮಿದುಳುಬಳ್ಳಿಯಲ್ಲಿ ಯಾವ ದೋಷವೂ ಕಾಣಲಿಲ್ಲ. ಅರ್ಧವೃತ್ತಾಕಾರದ ನಾಳಗಳಲ್ಲಿ ಮಾತ್ರ ಕೆಂಪು ಬಣ್ಣದ ಗಟ್ಟಿದ್ರವ ತುಂಬಿತ್ತು.

ಈ ಯುವತಿಗೆ ಇದ್ದದ್ದು ಇಂದು ಮೆನಿಯೇರ್ ಕಾಯಿಲೆ ಎಂದು ಕರೆಯಲಾಗುವ ರೋಗವಲ್ಲ ಎಂಬುದನ್ನು ನಂತರದ ಸಂಶೋಧಕರು ಒಪ್ಪುತ್ತಾರೆ. ಆ ಕಾಯಿಲೆ ಐದು ದಿನಗಳಲ್ಲಿ ಪ್ರಾಣ ತೆಗೆಯುವುದಿಲ್ಲ. ರಕ್ತದ ಕ್ಯಾನ್ಸರಿನಂತಹ ಬೇರೊಂದು ಕಾಯಿಲೆಯಿಂದ ಒಳಕಿವಿಯಲ್ಲಿ ರಕ್ತಸ್ರಾವವಾಗಿರಬಹುದೆಂಬ ಊಹೆಯೂ ಇದೆ. ತಲೆಸುತ್ತು ಮತ್ತು ಕಿವುಡು ಒಳಕಿವಿಯಿಂದ ಬರಬಲ್ಲವು ಎಂಬುದನ್ನು ತೋರಿಸಲು ಮಾತ್ರ ಮೆನಿಯೇರ್ ಈ ಪ್ರಕರಣವನ್ನು ಬಳಸಿದ್ದರು. ಆದರೆ ಬಹಳ ಕಾಲ ಪಠ್ಯಪುಸ್ತಕಗಳು ಇದನ್ನೇ ರೋಗದ ಮಾದರಿಯೆಂದು ಉಲ್ಲೇಖಿಸಿದ್ದರಿಂದ, ಮೆನಿಯೇರ್ ಕಾಯಿಲೆ ಎಂದರೆ ಒಳಕಿವಿಯ ರಕ್ತಸ್ರಾವ ಎಂಬ ತಪ್ಪು ಗ್ರಹಿಕೆ ದಶಕಗಳವರೆಗೆ ಮುಂದುವರಿಯಿತು. ರೋಗದ ನೆಲೆಯನ್ನು ಮೆನಿಯೇರ್ ಸರಿಯಾಗಿ ಗುರುತಿಸಿದ್ದರು. ಒಳಕಿವಿಯಲ್ಲಿ ಏನು ಕೆಡುತ್ತದೆ ಎಂಬುದು ಅವರ ಕಾಲದಲ್ಲಿ ತಿಳಿಯುವಂತಿರಲಿಲ್ಲ.

ಸಾಹಿತ್ಯ ಮತ್ತು ಇತರ ಆಸಕ್ತಿಗಳು

ಮೆನಿಯೇರ್ ಸಸ್ಯಶಾಸ್ತ್ರದಲ್ಲಿ, ಅದರಲ್ಲಿಯೂ ಆರ್ಕಿಡ್ ಹೂಗಳಲ್ಲಿ ಆಸಕ್ತರಾಗಿದ್ದರು. ವಿಕ್ಟರ್ ಹ್ಯೂಗೊ ಮತ್ತು ಬಾಲ್ಜಾಕ್ ಅವರಂತಹ ಸಾಹಿತಿಗಳ ಪರಿಚಯ ಅವರಿಗಿತ್ತು. ಲ್ಯಾಟಿನ್ ಕವಿಗಳ ಕೃತಿಗಳಲ್ಲಿ ಕಂಡುಬರುವ ವೈದ್ಯಕೀಯ ಸಂಗತಿಗಳನ್ನು ಕುರಿತ ಅವರ ಗ್ರಂಥ 1858ರಲ್ಲಿ ಪ್ರಕಟವಾಯಿತು. ರೋಮನ್ ವಾಗ್ಮಿ ಸಿಸೆರೊನ ಬರಹಗಳಲ್ಲಿನ ವೈದ್ಯಕೀಯವನ್ನು ಕುರಿತೂ ಅವರು ಬರೆದಿದ್ದಾರೆ. ಪ್ಯಾರಿಸ್‌ನ ಸಾಮಾಜಿಕ ಜೀವನವನ್ನು ಚಿತ್ರಿಸುವ ಅವರ ದಿನಚರಿಯ ಭಾಗಗಳು 20ನೆಯ ಶತಮಾನದ ಆರಂಭದಲ್ಲಿ ಬೆಳಕು ಕಂಡವು.

ನಿಧನ

ಪ್ರಬಂಧ ಮಂಡಿಸಿದ ಹದಿಮೂರು ತಿಂಗಳ ನಂತರ, 1862ರ ಫೆಬ್ರವರಿ 7ರಂದು ಮೆನಿಯೇರ್ ಪ್ಯಾರಿಸ್‌ನಲ್ಲಿ ನ್ಯುಮೋನಿಯಾದಿಂದ ನಿಧನರಾದರು. ಆಗ ಅವರಿಗೆ 62 ವರ್ಷ. ತಮ್ಮ ಸಿದ್ಧಾಂತಕ್ಕೆ ವೈದ್ಯಲೋಕದ ಮನ್ನಣೆ ದೊರೆತದ್ದನ್ನು ನೋಡಲು ಅವರು ಬದುಕಿರಲಿಲ್ಲ.

ನಂತರದ ಸಂಶೋಧನೆಗಳು

ಮೆನಿಯೇರ್ ಅವರ ಹೆಸರನ್ನು ರೋಗಕ್ಕೆ ಇಡುವ ರೂಢಿ ಅವರ ಮರಣದ ನಂತರ ಬಂದಿತು. ವಿಯೆನ್ನಾದ ಆಡಂ ಪೊಲಿಟ್ಜರ್ ಮತ್ತು ಪ್ಯಾರಿಸ್‌ನ ನರರೋಗ ತಜ್ಞ ಜಾಂ ಮಾರ್ಟಿನ್ ಶಾರ್ಕೋ ಈ ಹೆಸರನ್ನು ಪ್ರಚಾರಕ್ಕೆ ತಂದವರಲ್ಲಿ ಪ್ರಮುಖರು. 1870ರ ದಶಕದಲ್ಲಿ ಗೋಲ್ಟ್ಸ್, ಬ್ರಾಯರ್, ಮಾಖ್ ಮತ್ತು ಕ್ರಮ್ ಬ್ರೌನ್ ಅವರ ಅಧ್ಯಯನಗಳಿಂದ ಅರ್ಧವೃತ್ತಾಕಾರದ ನಾಳಗಳು ದೇಹದ ಸಮತೋಲಕ್ಕೆ ಸಂಬಂಧಿಸಿದ ಅಂಗಗಳೆಂಬುದು ಸ್ಥಿರಪಟ್ಟಿತು. ತಲೆ ತಿರುಗಿದಾಗ ನಾಳಗಳೊಳಗಿನ ದ್ರವ ಚಲಿಸಿ, ಆ ಚಲನೆಯ ಸುದ್ದಿ ನರದ ಮೂಲಕ ಮಿದುಳಿಗೆ ತಲುಪುತ್ತದೆ.

ಕಿವಿಯೊಳಕ್ಕೆ ಬಿಸಿ ಅಥವಾ ತಣ್ಣನೆಯ ನೀರು ಬಿಟ್ಟಾಗ ಕಣ್ಣುಗುಡ್ಡೆಗಳು ಕಂಪಿಸುವುದನ್ನು ಆಧರಿಸಿ ಒಳಕಿವಿಯನ್ನು ಪರೀಕ್ಷಿಸುವ ವಿಧಾನವನ್ನು ವಿಯೆನ್ನಾದ ರಾಬರ್ಟ್ ಬಾರಾನಿ ರೂಪಿಸಿದರು. ಅವರಿಗೆ 1914ರ ನೊಬೆಲ್ ಪ್ರಶಸ್ತಿ ಲಭಿಸಿತು. 1938ರಲ್ಲಿ ಲಂಡನ್ನಿನ ಹಾಲ್‌ಪೈಕ್ ಮತ್ತು ಕೇರ್ನ್ಸ್ ಹಾಗೂ ಜಪಾನಿನ ಯಮಕಾವ ಪ್ರತ್ಯೇಕವಾಗಿ ಮಹತ್ವದ ಸಂಗತಿಯೊಂದನ್ನು ವರದಿ ಮಾಡಿದರು. ಈ ರೋಗವಿದ್ದು ಮೃತರಾದವರ ಒಳಕಿವಿಯಲ್ಲಿ ಎಂಡೋಲಿಂಫ್ ಎಂಬ ದ್ರವ ಹೆಚ್ಚಾಗಿ, ಅದನ್ನು ಹಿಡಿದಿಡುವ ಪೊರೆಗಳು ಉಬ್ಬಿದ್ದವು. ಮೆನಿಯೇರ್ ಪ್ರಬಂಧದ 77 ವರ್ಷಗಳ ನಂತರ ರೋಗದ ಅಂಗವಿಕಾರ ಹೀಗೆ ತಿಳಿದುಬಂದಿತು. ದ್ರವ ಏಕೆ ಹೆಚ್ಚುತ್ತದೆ ಎಂಬ ಪ್ರಶ್ನೆಗೆ ಸರ್ವಸಮ್ಮತ ಉತ್ತರ ಇನ್ನೂ ದೊರೆತಿಲ್ಲ.

ಇಂದಿನ ರೋಗನಿರ್ಣಯ

ಮೆನಿಯೇರ್ ಕಾಯಿಲೆಯನ್ನು ಒಂದೇ ಒಂದು ರಕ್ತಪರೀಕ್ಷೆಯಿಂದಾಗಲೀ ಸ್ಕ್ಯಾನ್‌ನಿಂದಾಗಲೀ ನಿರ್ಧರಿಸಲು ಸಾಧ್ಯವಿಲ್ಲ. ರೋಗಿ ಹೇಳುವ ವಿವರ ಮತ್ತು ಶ್ರವಣ ಪರೀಕ್ಷೆಯ ಫಲಿತಾಂಶ ಎರಡನ್ನೂ ಕೂಡಿಸಿ ನೋಡಬೇಕಾಗುತ್ತದೆ. ಬಾರಾನಿ ಅವರ ಹೆಸರಿನ ಅಂತಾರಾಷ್ಟ್ರೀಯ ಸಂಘ ಇತರ ಸಂಘಗಳೊಂದಿಗೆ ಸೇರಿ 2015ರಲ್ಲಿ ಪ್ರಕಟಿಸಿದ ಮಾನದಂಡಗಳ ಪ್ರಕಾರ ರೋಗ ಖಚಿತವಾಗಲು ಈ ನಾಲ್ಕು ಅಂಶಗಳು ಇರಬೇಕು:

• ತಾನಾಗಿಯೇ ಬಂದ ತಲೆಸುತ್ತಿನ ಕನಿಷ್ಠ ಎರಡು ಆಘಾತಗಳು. ಪ್ರತಿಯೊಂದೂ 20 ನಿಮಿಷದಿಂದ 12 ಗಂಟೆಗಳವರೆಗೆ ಇರಬೇಕು.
• ಒಂದು ಕಿವಿಯಲ್ಲಿ ಕೆಳ ಮತ್ತು ಮಧ್ಯಮ ಆವರ್ತನದ ಶಬ್ದಗಳಿಗೆ ಶ್ರವಣದೋಷ ಇರುವುದು ಆಡಿಯೋಮೆಟ್ರಿ ಪರೀಕ್ಷೆಯಲ್ಲಿ ದಾಖಲಾಗಿರಬೇಕು.
• ಅದೇ ಕಿವಿಯಲ್ಲಿ ಕೇಳುವಿಕೆಯ ಏರಿಳಿತ, ಮೊರೆತ ಅಥವಾ ಕಿವಿ ತುಂಬಿಕೊಂಡ ಅನುಭವ ಇರಬೇಕು.
• ಬೇರೆ ಯಾವ ಕಾಯಿಲೆಯೂ ಈ ಲಕ್ಷಣಗಳನ್ನು ಇದಕ್ಕಿಂತ ಚೆನ್ನಾಗಿ ವಿವರಿಸುವಂತಿರಬಾರದು.

ಕೊನೆಯ ಅಂಶ ಮುಖ್ಯವಾದುದು. ಹಾಸಿಗೆಯಲ್ಲಿ ಹೊರಳಿದಾಗ ಕೆಲವು ಸೆಕೆಂಡುಗಳ ಕಾಲ ಮಾತ್ರ ಸುತ್ತು ಬಂದು, ಕಿವಿ ಚೆನ್ನಾಗಿಯೇ ಕೇಳಿಸುತ್ತಿದ್ದರೆ ಅದು ಒಳಕಿವಿಯ ಸೂಕ್ಷ್ಮ ಹರಳುಗಳು ಸ್ಥಳ ತಪ್ಪಿದ್ದರಿಂದ ಆಗಿರುವ ಸಂಭವ ಹೆಚ್ಚು. ಬಿಡುವಿಲ್ಲದೆ ದಿನಗಟ್ಟಲೆ ಇರುವ ತಲೆಸುತ್ತು ಸಮತೋಲ ನರದ ಉರಿಯೂತವನ್ನು ಸೂಚಿಸಬಹುದು. ಅರೆತಲೆನೋವಿನೊಂದಿಗೂ ತಲೆಸುತ್ತು ಬರುವುದುಂಟು. ಒಂದೇ ಕಿವಿಯ ಶ್ರವಣ ಕುಂದಿದ್ದರೆ ಶ್ರವಣ ನರದ ಬಳಿ ಗಡ್ಡೆ ಇಲ್ಲವೆಂಬುದನ್ನು ಎಂ.ಆರ್.ಐ. ಮೂಲಕ ಖಚಿತಪಡಿಸಿಕೊಳ್ಳಲಾಗುತ್ತದೆ. ತಲೆಸುತ್ತಿನೊಂದಿಗೆ ಮಾತು ತೊದಲುವುದು, ಕೈಕಾಲು ಸ್ವಾಧೀನ ತಪ್ಪುವುದು, ವಸ್ತುಗಳು ಎರಡೆರಡಾಗಿ ಕಾಣುವುದು ಇದ್ದರೆ ಅದು ಮಿದುಳಿನ ಆಘಾತವಿರಬಹುದು. ಅಂತಹವರನ್ನು ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು. ಮೆನಿಯೇರ್ ತಮ್ಮ ರೋಗಿಗಳನ್ನು ಲಕ್ವದ ರೋಗಿಗಳಿಂದ ಬೇರ್ಪಡಿಸಿದ್ದೂ ಇಂತಹ ಭೇದಗಳ ಆಧಾರದ ಮೇಲೆಯೇ.

ರೋಗವನ್ನು ಸಂಪೂರ್ಣವಾಗಿ ವಾಸಿ ಮಾಡುವ ಚಿಕಿತ್ಸೆ ಇಲ್ಲ. ಉಪ್ಪನ್ನು ಮಿತಗೊಳಿಸುವುದು, ಔಷಧಿಗಳು, ಆಘಾತಗಳು ನಿಲ್ಲದಿದ್ದರೆ ಕಿವಿತಮಟೆಯ ಮೂಲಕ ನೀಡುವ ಚುಚ್ಚುಮದ್ದು, ವಿರಳವಾಗಿ ಶಸ್ತ್ರಕ್ರಿಯೆ, ಶ್ರವಣದೋಷಕ್ಕೆ ಶ್ರವಣಸಾಧನ ಇವು ಬಳಕೆಯಲ್ಲಿವೆ.

ಮೈಸೂರು ಮತ್ತು ಕರ್ನಾಟಕದಲ್ಲಿ

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು 1965ರಲ್ಲಿ ಆರಂಭವಾಯಿತು. ಕೇಂದ್ರ ಆರೋಗ್ಯ ಸಚಿವಾಲಯದ ಅಧೀನದಲ್ಲಿರುವ ಈ ಸ್ವಾಯತ್ತ ಸಂಸ್ಥೆಯನ್ನು ಊರಿನವರು ಆಯಿಷ್ ಎಂದೇ ಕರೆಯುತ್ತಾರೆ. ಇಲ್ಲಿ ಶ್ರವಣ ವಿಜ್ಞಾನ ಹಾಗೂ ಕಿವಿ, ಮೂಗು, ಗಂಟಲು ವಿಭಾಗಗಳಿವೆ. ಶ್ರವಣ ಮತ್ತು ಸಮತೋಲದ ಪರೀಕ್ಷೆಗಳ ಜೊತೆಗೆ ದೇಶದ ಹಲವು ರಾಜ್ಯಗಳ ವಿದ್ಯಾರ್ಥಿಗಳಿಗೆ ತರಬೇತಿಯೂ ನಡೆಯುತ್ತದೆ. ಮೆನಿಯೇರ್ ಕಾಯಿಲೆ ಇಲ್ಲಿನ ಪಠ್ಯದ ಮತ್ತು ಸಂಶೋಧನೆಯ ವಿಷಯಗಳಲ್ಲಿ ಒಂದಾಗಿದೆ.

ಶಬ್ದನಿರೋಧಕ ಕೊಠಡಿಯಲ್ಲಿ ಕುಳಿತ ರೋಗಿಗೆ ಹೆಡ್‌ಫೋನ್ ಮೂಲಕ ಬೇರೆ ಬೇರೆ ಆವರ್ತನದ ನಾದಗಳನ್ನು ಕೇಳಿಸಿ, ಕೇಳಿಸಿದೊಡನೆ ಗುಂಡಿ ಒತ್ತುವಂತೆ ಇಲ್ಲವೆ ಕೈಯೆತ್ತುವಂತೆ ಹೇಳುವುದು ಆಡಿಯೋಮೆಟ್ರಿ ಪರೀಕ್ಷೆಯ ಕ್ರಮ. ವಯಸ್ಸಿನಿಂದ ಬರುವ ಕಿವುಡಿನಲ್ಲಿ ಸಾಮಾನ್ಯವಾಗಿ ಮೇಲಿನ ಆವರ್ತನಗಳು ಮೊದಲು ಕುಂದುತ್ತವೆ. ಮೆನಿಯೇರ್ ಕಾಯಿಲೆಯ ಆರಂಭದಲ್ಲಿ 250, 500, 1000 ಹರ್ಟ್ಸ್‌ನಂತಹ ಕೆಳಗಿನ ಆವರ್ತನಗಳು ಕುಂದಿ, ಮುಂದಿನ ಭೇಟಿಯಲ್ಲಿ ಸುಧಾರಿಸಿರುವುದೂ ಉಂಟು. ಆದ್ದರಿಂದ ಒಂದು ಬಾರಿಯ ಪರೀಕ್ಷೆಗಿಂತ ಕಾಲಕಾಲಕ್ಕೆ ಮಾಡಿದ ಪರೀಕ್ಷೆಗಳ ದಾಖಲೆ ಹೆಚ್ಚು ಉಪಯುಕ್ತ. ಹಳೆಯ ವರದಿಗಳನ್ನು ರೋಗಿಗಳು ಕಾಪಾಡಿಕೊಳ್ಳುವುದು ಈ ಕಾರಣಕ್ಕೆ ಮುಖ್ಯ.

ಕರ್ನಾಟಕದಲ್ಲಿ ತಲೆಸುತ್ತನ್ನು ಪಿತ್ತ ಕೆರಳಿದ್ದು, ಬಿ.ಪಿ. ಏರಿದ್ದು, ನಿಶ್ಶಕ್ತಿ ಅಥವಾ ಬಿಸಿಲಿನ ಪರಿಣಾಮ ಎಂದು ವಿವರಿಸುವುದು ಸಾಮಾನ್ಯ. ಲಿಂಬೆಹಣ್ಣಿನ ಪಾನಕ, ಜೀರಿಗೆ ಕಷಾಯ ಕುಡಿದು ಮಲಗಿ ಎದ್ದಾಗ ಸುತ್ತು ಇಳಿದಿದ್ದರೆ ಔಷಧಿಯೇ ಗುಣಪಡಿಸಿತೆಂದು ಭಾವಿಸಲಾಗುತ್ತದೆ. ಈ ಕಾಯಿಲೆಯ ಆಘಾತಗಳು ತಾವಾಗಿಯೇ ಕೆಲ ಗಂಟೆಗಳಲ್ಲಿ ಇಳಿಯುವುದರಿಂದ ಇಂತಹ ನಂಬಿಕೆಗೆ ಬಲ ಬರುತ್ತದೆ. ಕಿವಿಯ ತೊಂದರೆಯನ್ನು ರೋಗಿ ಬೇರೆಯೇ ವಿಷಯವೆಂದು ತಿಳಿದು ಹೇಳದೆ ಇರಬಹುದು, ವೈದ್ಯರೂ ಕೇಳದೆ ಇರಬಹುದು. ಈ ನಡುವೆ ಶ್ರವಣಶಕ್ತಿ ಕುಂದುತ್ತಾ ಹೋಗುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಚಟ್ನಿಪುಡಿ ನಿತ್ಯದ ಊಟದ ಭಾಗವಾಗಿರುವ ಮನೆಗಳಲ್ಲಿ ಉಪ್ಪು ಕಡಿಮೆ ಮಾಡಬೇಕೆಂಬ ಸಲಹೆಯನ್ನು ಪಾಲಿಸುವುದೂ ಸುಲಭವಲ್ಲ.

ಮೌಲ್ಯಮಾಪನ

ಮೆನಿಯೇರ್ ಅವರ ಬಗ್ಗೆ ಇತಿಹಾಸಕಾರರಲ್ಲಿ ಎರಡು ಬಗೆಯ ಅಭಿಪ್ರಾಯಗಳಿವೆ. ಕಿವುಡರ ಸಮುದಾಯದ ಇತಿಹಾಸವನ್ನು ಬರೆದವರು ಅವರನ್ನು ಟೀಕಿಸಿದ್ದಾರೆ. ಕಿವುಡನ್ನು ಕೇವಲ ದೋಷವೆಂದು ಕಂಡು, ಸಂಜ್ಞಾಭಾಷೆಯನ್ನಾಡುವ ಕಿವುಡರು ಇತರರಿಗೆ ಸಮಾನರೆಂಬುದನ್ನು ಅವರು ಒಪ್ಪಿರಲಿಲ್ಲ ಎಂಬುದು ಈ ಟೀಕೆಯ ತಿರುಳು. ಕಿವುಡರ ಶಾಲೆಯಲ್ಲಿಯೇ ಎರಡು ದಶಕಗಳಿಗಿಂತ ಹೆಚ್ಚು ಕಾಲ ಕಳೆದ ವೈದ್ಯರಲ್ಲಿ ಇಂತಹ ದೃಷ್ಟಿ ಇದ್ದುದನ್ನು ಅವರ ಸಾಧನೆಯ ಜೊತೆಯಲ್ಲಿಯೇ ಗಮನಿಸಬೇಕಾಗುತ್ತದೆ.

ವೈದ್ಯಕೀಯ ಇತಿಹಾಸದಲ್ಲಿ ಅವರ ಸ್ಥಾನ ಭದ್ರವಾಗಿದೆ. ಅವರ ಬಳಿ ಶ್ರವಣಮಾಪಕ ಯಂತ್ರವಿರಲಿಲ್ಲ, ಸ್ಕ್ಯಾನ್ ಇರಲಿಲ್ಲ. ರೋಗಿಗಳು ಹೇಳಿದ ಎರಡು ದೂರುಗಳನ್ನು ಬೇರೆ ಬೇರೆಯಾಗಿ ನೋಡದೆ ಒಂದೇ ರೋಗದ ಭಾಗಗಳೆಂದು ಗುರುತಿಸಿದ್ದು ಅವರ ಮುಖ್ಯ ಕೊಡುಗೆ. ಅದರಿಂದಾಗಿ ಅನಗತ್ಯ ರಕ್ತಮೋಕ್ಷಣದಿಂದ ರೋಗಿಗಳನ್ನು ಪಾರುಮಾಡುವ ದಾರಿ ತೆರೆಯಿತು. ತಲೆಸುತ್ತಿನ ರೋಗಿಯ ಕಿವಿಯನ್ನೂ ಪರೀಕ್ಷಿಸಬೇಕು ಎಂಬ ಪಾಠ ವೈದ್ಯಶಾಸ್ತ್ರಕ್ಕೆ ಸೇರಿತು.